ಅತ್ತೆಯೂ ಮಗಳೂ ಒಟ್ಟಿಗೆ ಕೂತು ನಗುವಂಥ ಪ್ರೇಮದ ಸಿನಿಮಾ ಯಾವುದು?

ಬದಿಯಡ್ಕದ ಸೊಸೆ:
ವಿಷುವಿಗೆ ನಮ್ಮ ಮನೆಯಲ್ಲಿ ಹನ್ನೆರಡು ಜನ ಸೇರಿದ್ದೆವು. ಭಾವ ಬೆಂಗಳೂರಿನಿಂದ ಪ್ರೊಜೆಕ್ಟರ್ ತಂದಿದ್ದರು. ಮಾವನ ಡಬಲ್ ವೇಷ್ಟಿಯನ್ನು ಚಾವಡಿಯ ಗೋಡೆಗೆ ಕಟ್ಟಿ ಪರದೆ ಮಾಡಿದೆವು. ಒಂದು ಡಬ್ಬ ಹಲಸಿನ ಹಪ್ಪಳ ಕಾಯಿಸಿಟ್ಟು ಹಳೇ ಲವ್ ಕಾಮಿಡಿಯೊಂದನ್ನು ಹಾಕಿದೆವು. ಮನೆಮಂದಿಯೆಲ್ಲ ನೋಡಬಹುದು ಅಂತ ಆರಿಸಿದ್ದು ನಾನೇ. ಹೆಸರು ಬೇಡ, ಬಿಡಿ.

ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. ಪೇಟೆಯ ಸೊಕ್ಕಿನ ಹುಡುಗಿ, ಹಳ್ಳಿಯ ಒಳ್ಳೇ ಹುಡುಗ. ಇಂಟರ್‌ವಲ್ ಹೊತ್ತಿಗೆ ಅವಳ ಕೆನ್ನೆಗೊಂದು ಏಟು. ಆಮೇಲೆ ಅವಳು ಸೀರೆ ಉಟ್ಟು, ಮಲ್ಲಿಗೆ ಮುಡಿದು, ಅತ್ತೆಯ ಕಾಲಿಗೆ ಬೀಳುತ್ತಾಳೆ. ನಾವೆಲ್ಲ ನಕ್ಕೆವು. ಪ್ಲಸ್ ಟು ಓದುವ ನನ್ನ ಮಗಳು ಮಾತ್ರ ಎದ್ದು ನಿಂತು, "ಹೊಡೆದರೆ ಸಂಸ್ಕಾರ ಬರ್ತದಾ ಅಮ್ಮ?" ಅಂತ ಕೇಳಿ ಒಳಗೆ ಹೋದಳು. ನನಗೆ ಮಾತು ಸಿಗಲಿಲ್ಲ. ಅತ್ತೆ ಹಪ್ಪಳ ಜಗಿಯುತ್ತಲೇ, "ಏಟು ಮೊದಲು ಆ ಹುಡುಗನಿಗೆ ಬೀಳಬೇಕಿತ್ತು" ಅಂದರು!

ಅತ್ತೆ ಹೀಗೆ ಹೇಳಬಹುದು ಅಂತ ನಾನು ಎಣಿಸಿಯೇ ಇರಲಿಲ್ಲ.

ಒಟ್ಟಿಗೆ ಉಣ್ಣುವುದು, ಹಿರಿಯರಿಗೆ ಹೇಳಿ ಮದುವೆಯಾಗುವುದು, ಇದೆಲ್ಲ ನನಗೂ ಇಷ್ಟವೇ. ಆದರೆ ಮನೆ ಒಡೆಯಬಾರದು ಅಂತಾದರೆ ಪ್ರತಿ ಸಲ ಹುಡುಗಿಯೇ ಯಾಕೆ ತಗ್ಗಬೇಕು? ಹಿರಿಯರೂ ಸ್ವಲ್ಪ ಸೋಲುವ ಕಥೆ ಇಲ್ವಾ? ದೀಪಾವಳಿಗೆ ಮತ್ತೆ ಎಲ್ಲರೂ ಸೇರುತ್ತೇವೆ. ಕನ್ನಡವೂ ಆಗುತ್ತದೆ, ಮಲಯಾಳವೂ ಆಗುತ್ತದೆ. ಮುಜುಗರ ಮಾತ್ರ ಆಗಬಾರದು. ಮಾವ ರಿಮೋಟ್ ಹುಡುಕುವ ಹಾಗೆ ಮಾಡಿ ಎದ್ದು ಹೋಗುವಂಥ ದೃಶ್ಯಗಳು ಬೇಡ.

ಕುಂಬಳೆ ಮಾಷ್ಟ್ರು:
ತಂಗೀ, 1990ರ 'ಗಣೇಶನ ಮದುವೆ' ಹಾಕು. ಅನಂತನಾಗ್, ವಿನಯಾ ಪ್ರಸಾದ್. ನಿರ್ದೇಶನ ಫಣಿ ರಾಮಚಂದ್ರ. ಒಂದೇ ವಠಾರದಲ್ಲಿ ಇಬ್ಬರಿಗೂ ದಿನಾ ಜಗಳ. ಪತ್ರದಲ್ಲಿ ಮಾತ್ರ ಪ್ರೀತಿ. ಬರೆಯುತ್ತಿರುವುದು ಯಾರಿಗೆ ಅಂತ ಇಬ್ಬರಿಗೂ ಗೊತ್ತಿಲ್ಲ. ಅದರಲ್ಲಿ ಯಾರೂ ಯಾರನ್ನೂ ತಿದ್ದಲು ಹೋಗುವುದಿಲ್ಲ. ಹುಡುಗಿ ಒಂದು ಅಂದರೆ ಹುಡುಗ ಎರಡು ಅನ್ನುತ್ತಾನೆ, ಲೆಕ್ಕ ಸಮ! ನಾವು ಹಿಂದೆ ವಿಸಿಆರ್ ಬಾಡಿಗೆಗೆ ತಂದು ಇಡೀ ಕೇರಿಗೆ ತೋರಿಸಿದ್ದೆವು. ಮಕ್ಕಳಿಗೆ ಪತ್ರ, ಪೋಸ್ಟ್ ಎಲ್ಲ ಮೊದಲೇ ವಿವರಿಸಬೇಕಾದೀತು, ಅಷ್ಟೇ.

ಮಂಜೇಶ್ವರ ಮಾಣಿ:
ಅಕ್ಕಾ, ಇಷ್ಟೆಲ್ಲ ಯಾಕೆ ಯೋಚನೆ? ಕಾಮಿಡಿ ಅಂದ್ರೆ ಸುಮ್ನೆ ನಗ್ಬೇಕು. 1991ರ ಮಲಯಾಳದ 'ಗಾಡ್‌ಫಾದರ್' ಹಾಕಿ. ನಿರ್ದೇಶಕರಾದ ಸಿದ್ದಿಕ್-ಲಾಲ್ ಜೋಡಿಯದ್ದು. ಅಪ್ಪ ಅಂಞೂರಾನ್ ಮನೆಗೆ ಹೆಂಗಸರೇ ಬರಬಾರದು ಅನ್ನುವವನು. ಮಕ್ಕಳಲ್ಲಿ ಒಬ್ಬ (ನಟ ಇನ್ನೊಸೆಂಟ್) ಕದ್ದು ಮದುವೆಯಾಗಿ ಅಪ್ಪನಿಗೆ ಹೆದರಿ ಅದನ್ನು ಬಚ್ಚಿಟ್ಟಿರುತ್ತಾನೆ. ನಮ್ಮಪ್ಪ ಹತ್ತು ಸಲವಾದರೂ ನೋಡಿರಬಹುದು, ಈಗಲೂ ಕಣ್ಣೀರು ಬರುವಷ್ಟು ನಗುತ್ತಾರೆ.

ಬದಿಯಡ್ಕದ ಸೊಸೆ:
ಅದೇ ನೋಡು ಮಾಣಿ, ಅಲ್ಲಿ ನಗು ಬರುವುದು ಅಪ್ಪನ ಹಠಕ್ಕೆ. ನಾನು ಕೇಳಿದ್ದೂ ಅದನ್ನೇ. ನೀನು ಯೋಚನೆ ಮಾಡದೆಯೇ ಉತ್ತರ ಹೇಳಿದ್ದಿ!

ಹೊಸದುರ್ಗದ ಅಳಿಯ:
ನಮ್ಮೂರಿನದ್ದನ್ನೇ ಬಿಟ್ಟಿರಲ್ಲ? 2021ರ 'ತಿಂಗಳಾಳ್ಚ ನಿಶ್ಚಯಂ'. ಸೋಮವಾರ ನಿಶ್ಚಿತಾರ್ಥ ಅಂತ ಅರ್ಥ. ನಡೆಯುವುದು ನಮ್ಮ ಹೊಸದುರ್ಗದಲ್ಲೇ, ಅಂದರೆ ಕಾಞಂಗಾಡಿನಲ್ಲೇ. ನಿರ್ದೇಶಕ ಸೆನ್ನಾ ಹೆಗ್ಡೆ, 2018ರಲ್ಲಿ ಕನ್ನಡದಲ್ಲಿ 'ಕಥೆಯೊಂದು ಶುರುವಾಗಿದೆ' ಮಾಡಿದವರು. ಇದಕ್ಕೆ ಮಲಯಾಳದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂದಿದೆ.

ಕುವೈತ್ ವಿಜಯನ್ ಅಂತ ಅಪ್ಪ. ದೊಡ್ಡ ಮಗಳು ಪ್ರೀತಿಸಿದವನ ಜೊತೆ ಓಡಿಹೋಗಿದ್ದಾಳೆ. ಚಿಕ್ಕವಳ ಮದುವೆಯಾದರೂ ತಾನು ಹೇಳಿದ ಹಾಗೇ ಆಗಬೇಕು ಅಂತ ಅವನ ಹಠ. ಅವಳಿಗೆ ಮನಸ್ಸಿನಲ್ಲಿ ಬೇರೆ ಹುಡುಗ. ಮನೆ ತುಂಬ ನೆಂಟರು, ಅಡುಗೆ ಗಡಿಬಿಡಿ. ಹೀರೋ ಅಂತ ದೊಡ್ಡವರು ಯಾರೂ ಇಲ್ಲ. ನೋಡುವಾಗ ಪಕ್ಕದ ಮನೆಯ ಜಗಳವನ್ನು ಬೇಲಿ ಮೇಲಿಂದ ನೋಡಿದ ಹಾಗಾಗುತ್ತದೆ. ನಾನು ಹೆಂಡತಿ ಮನೆಯಲ್ಲಿ ಕೂತು ನೋಡಿದ್ದು. ನಮ್ಮದೂ ಲವ್ ಮ್ಯಾರೇಜೇ. ಮಾವ ಒಂದು ಮಾತೂ ಆಡದೆ ಎದ್ದು ಹೋಗಿ ತೋಟಕ್ಕೆ ನೀರು ಬಿಟ್ಟರು, ರಾತ್ರಿ ಹತ್ತು ಗಂಟೆಗೆ!

ಬದಿಯಡ್ಕದ ಸೊಸೆ:
ದೀಪಾವಳಿ ಮುಗಿಯಿತು, ವರದಿ ಕೊಡುತ್ತೇನೆ. ಮಾಷ್ಟ್ರೇ, ನಿಮ್ಮದು ಮೊದಲ ದಿನ ನೋಡಿದೆವು, ಎಲ್ಲರಿಗೂ ಖುಷಿ. ಎರಡನೇ ದಿನ ಅಳಿಯನದ್ದು. ಅರ್ಧದಲ್ಲಿ ಅತ್ತೆ, "ಈ ವಿಜಯನ್ ಥೇಟ್ ಇವರೇ" ಅಂದುಬಿಟ್ಟರು. ಎಲ್ಲರೂ ಮಾವನ ಕಡೆ ತಿರುಗಿದೆವು. ಅವರ ಕಣ್ಣು ಪರದೆಯ ಮೇಲೆಯೇ. ಕೊನೆಯವರೆಗೂ ಕೂತರು, ಒಂದು ಮಾತಿಲ್ಲ. ನನಗೆ ರಾತ್ರಿಯಿಡೀ ದಿಗಿಲು.

ಬೆಳಗ್ಗೆ ಕಾಫಿ ಕುಡಿಯುತ್ತಾ ಮೊಮ್ಮಗಳನ್ನು ಕರೆದರು. "ನಿನ್ನ ಮನಸ್ಸಿನಲ್ಲಿ ಯಾರಾದರೂ ಇದ್ದರೆ ಮೊದಲೇ ಹೇಳಿಬಿಡು ಮಗಾ, ಶಾಮಿಯಾನಕ್ಕೆ ಮುಂಗಡ ಕೊಡುವ ಮೊದಲು" ಅಂದರು.

"ಸದ್ಯಕ್ಕೆ ಫಿಸಿಕ್ಸ್ ಪರೀಕ್ಷೆ ಇದೆ ಅಜ್ಜಾ" ಅಂದಳು ಅವಳು.