ಸೂಳೆಕೆರೆಯಲ್ಲಿ ಗಾಳ ಹಾಕೋಕೆ ಎಲ್ಲಿ ಕೂರಬೇಕು?

ದಾವಣಗೆರೆ ಗಾಳ:
ನಮಸ್ಕಾರ. ಊರಿನ ಸಣ್ಣ ಕೆರೆಗಳಲ್ಲಿ ಬಿದಿರು ಕೋಲು, ಎರೆಹುಳು ಇಟ್ಟುಕೊಂಡು ಜಿಲೇಬಿ ಮೀನು ಹಿಡಿದು ಅಭ್ಯಾಸ ಇದೆ. ಈಗ ರಾಡು, ರೀಲು ತಗೊಂಡಿದ್ದೇನೆ. ಸೂಳೆಕೆರೆಗೆ ಹೋಗಬೇಕು ಅಂತ ಆಸೆ. ಆದರೆ ಅಷ್ಟು ದೊಡ್ಡ ಕೆರೆಯಲ್ಲಿ ಎಲ್ಲಿ ಕೂರೋದು? ತೂಬಿನ ಹತ್ತಿರ ಜಾಸ್ತಿ ಸಿಗುತ್ತೆ ಅಂತ ಒಬ್ಬರು ಹೇಳಿದರು. ಎಂಟು ವರ್ಷದ ಮಗನೂ ಬರ್ತಾನೆ. ಕೊರವ ಮೀನು ಸಿಗುತ್ತಾ? ಗೊತ್ತಿರೋರು ತಿಳಿಸಿ.

ಚನ್ನಗಿರಿಯವ:
ಭಾನುವಾರ ಬೇಡ ಅಣ್ಣ, ಏರಿ ಮೇಲೆ ಜನವೋ ಜನ. ಮೀನುಗಾರರು ಬಲೆ ಬಿಟ್ಟಿರೋ ಕಡೆ ಎಸೆಯಬೇಡಿ. ಅದು ಅವರ ಹೊಟ್ಟೆಪಾಡು. ಮೊದಲು ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಪರವಾನಗಿ ವಿಚಾರಿಸಿ.

ಕೆರೆ ಕೆಳಗಿನ ರೈತ:
ತಮ್ಮಾ, ಮಗ ಬರ್ತಾನೆ ಅಂದೆಯಲ್ಲ, ಹಾಗಾದರೆ ತೂಬಿನ ಹತ್ತಿರ ಬೇಡವೇ ಬೇಡ. ಸಿದ್ಧನ ತೂಬಾಗಲಿ, ಬಸವನ ತೂಬಾಗಲಿ, ನಾಲೆಗೆ ನೀರು ಬಿಟ್ಟಾಗ ಮೇಲೆ ಎಲ್ಲ ಸುಮ್ನೆ ನಿಂತ ಹಾಗೆ ಕಾಣುತ್ತೆ. ಒಳಗೆ ಸೆಳೆತ ಭಾರಿ. ಕಲ್ಲಿನ ಮೇಲೆ ಪಾಚಿ ಬೇರೆ. ಎರಡು ಗುಡ್ಡದ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡ ಕಟ್ಟಿದ ಏರಿ ಅದು, ಉದ್ದ ಸಾವಿರ ಅಡಿನೂ ಇಲ್ಲ. ಆದರೆ ಕೆರೆ ತುಂಬಿದಾಗ ಹಿಂದೆ ನಿಲ್ಲೋ ನೀರು 6,500 ಎಕರೆ ಆಸುಪಾಸು. ಮೀನೆಲ್ಲ ಏರಿ ಪಕ್ಕದಲ್ಲೇ ಯಾಕೆ ಇರುತ್ತೆ ಹೇಳು?

ಹಿನ್ನೀರಿನ ಕಡೆ ಹೋಗು. ಹಳ್ಳ ಬಂದು ಕೆರೆ ಸೇರೋ ಜಾಗ, ಆಪು ಹುಲ್ಲು ಬೆಳೆದ ಅಂಚು. ಗಾಳಿ ನೋಡಿ ಕೂರು. ಗಾಳಿ ಯಾವ ದಂಡೆಗೆ ಬೀಸುತ್ತೋ ಅಲ್ಲಿಗೆ ಕಸಕಡ್ಡಿ, ಹುಳುಹುಪ್ಪಟೆ ಬಂದು ಸೇರುತ್ತೆ, ಅದರ ಹಿಂದೆ ಮೀನು. ಮುಖಕ್ಕೆ ಗಾಳಿ ಹೊಡೆಯುತ್ತೆ, ಸಹಿಸಿಕೊಳ್ಳಬೇಕು. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ಕಾರ್ತಿಕದಿಂದ ಸಂಕ್ರಾಂತಿವರೆಗೆ ಒಳ್ಳೇ ಕಾಲ. ಬಿಸಿಲೇರೋ ಮುಂಚೆ ಕೂತಿರಬೇಕು.

ರೋಹು, ಗೆಂಡೆಗೆ ರಾಗಿ ಹಿಟ್ಟು, ಶೇಂಗಾ ಹಿಂಡಿ ಸೇರಿಸಿ ಬೇಯಿಸಿ ಗಟ್ಟಿ ಉಂಡೆ ಮಾಡು. ಕೈಗೆ ಅಂಟಬಾರದು, ಎಸೆದಾಗ ಬಿಚ್ಚಬಾರದು. ಮೃಗಾಲ್ ತಳದ ಕೆಸರಲ್ಲಿ ಮೇಯುತ್ತೆ, ಕಾಟ್ಲಾ ಮೇಲ್ನೀರಲ್ಲಿ. ದಾರದ ಮೇಲಿನ ತೇಲೋ ಬೆಂಡನ್ನು ಮೇಲೆ ಕೆಳಗೆ ಸರಿಸಿ ನೋಡ್ತಾ ಇರು.

ಇನ್ನು ಕೊರವ. ಇದೆ, ಆದರೆ ನನ್ನದೊಂದು ಮಾತು ನಡೆಸಿಕೊಡು. ಮಳೆ ಶುರುವಾದ ಮೇಲೆ ಆಪಿನ ಸಂದಿಯಲ್ಲಿ ಒಂದು ಕಡೆ ನೀರು ಸಣ್ಣಗೆ ಕುದಿಯೋ ಹಾಗೆ ಕಾಣುತ್ತೆ. ಬಗ್ಗಿ ನೋಡಿದರೆ ಕೆಂಪನೆ ಮರಿಗಳು, ತಟ್ಟೆಯಗಲದ ಗುಂಪು. ಉಸಿರಿಗೆ ಒಟ್ಟಿಗೆ ಮೇಲೆ ಬರ್ತವೆ, ಒಟ್ಟಿಗೆ ಇಳಿತವೆ. ಕೆಳಗೆ ಅಪ್ಪ ಅಮ್ಮ ಕಾವಲು. ಆಗ ಅವು ಹಸಿವಿಗೆ ಕಚ್ಚಲ್ಲ, ಮರಿ ಹತ್ತಿರ ಬಂದದ್ದಕ್ಕೆಲ್ಲ ನುಗ್ಗಿ ಕಚ್ಚುತ್ತವೆ. ಪ್ಲಾಸ್ಟಿಕ್ ಕಪ್ಪೆ ಎಳೆದರೂ ಸಾಕು. ಆ ಮೀನು ಎತ್ತಿದೆಯೋ, ಹಕ್ಕಿ, ಬೇರೆ ಮೀನು ಸೇರಿ ಅಷ್ಟೂ ಮರಿ ಮುಗಿಸಿಬಿಡ್ತವೆ. ಕಾಟ್ಲಾ, ರೋಹು ನಿಂತ ನೀರಲ್ಲಿ ಮರಿ ಮಾಡಲ್ಲ, ಅವಕ್ಕೆ ಹರಿಯೋ ನೀರು ಬೇಕು. ಅದಕ್ಕೇ ಕೆರೆಗೆ ಮರಿ ತಂದು ಬಿಡ್ತಾರೆ. ಕೊರವ ಇಲ್ಲೇ ಹುಟ್ಟಿ ಇಲ್ಲೇ ಬೆಳೆಯೋ ಮೀನು. ಕೆಂಪು ಮರಿ ಕಂಡ ಕಡೆ ಗಾಳ ಹಾಕಬೇಡ, ದಯವಿಟ್ಟು. ಬೇರೆ ಕಾಲದಲ್ಲಿ ಹಿಡಿ, ಬೇಡ ಅನ್ನಲ್ಲ.

ದಾವಣಗೆರೆ ಗಾಳ:
ಯಜಮಾನ್ರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಉಪಕಾರ ಆಯ್ತು. ಮರಿಗಳ ವಿಷಯ ಗೊತ್ತೇ ಇರಲಿಲ್ಲ. ಖಂಡಿತ ನಡೆಸಿಕೊಡ್ತೀನಿ. ಮಗನಿಗೆ ರಾಡು ಕೊಡಲಾ, ಬಿದಿರು ಕೋಲೇ ಸಾಕಾ?

ಕೆರೆ ಕೆಳಗಿನ ರೈತ:
ಬಿದಿರು ಕೋಲೇ ಕೊಡು. ಸಣ್ಣ ಗಾಳ, ಅರ್ಧ ಎರೆಹುಳು, ದಂಡೆಯಿಂದ ಎರಡು ಮಾರು ದೂರ. ಜಿಲೇಬಿ ಬೇಗ ಕಚ್ಚುತ್ತೆ, ಹುಡುಗನಿಗೆ ಬೇಜಾರಾಗಲ್ಲ. ಗಾಳದ ತುದಿ ಹತ್ತಿರ ಹಿಂದಕ್ಕೆ ಚಾಚಿರೋ ಸಣ್ಣ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿಬಿಡು, ಬೆರಳಿಗೆ ಚುಚ್ಚಿದರೂ ಸಲೀಸಾಗಿ ಬಿಡಿಸಬಹುದು. ಹರಿದ ತಂಗುಸಿ ದಾರ ಅಲ್ಲಿ ಬಿಸಾಡಬೇಡ, ಕೊಕ್ಕರೆ ಕಾಲಿಗೆ ಸುತ್ತಿಕೊಳ್ಳುತ್ತೆ. ಪ್ಲಾಸ್ಟಿಕ್ ಕವರೂ ಅಷ್ಟೇ, ಈ ಕೆರೆ ನೀರು ಚಿತ್ರದುರ್ಗದವರಿಗೆ ಕುಡಿಯೋಕೂ ಹೋಗುತ್ತೆ. ಬುತ್ತಿ ಕಟ್ಟಿಕೊಂಡು ಹೋಗು, ಹಿನ್ನೀರಿನ ಕಡೆ ಅಂಗಡಿ ದೂರ.