ಯುಗಾದಿಗೆ ಮುಂಚೆ ದ್ರಾಕ್ಷಿ, ಬೆರಿ ಗಿಡ ನೆಡಬಹುದಾ?

ಪ್ರಶ್ನೆ (ಶಿಡ್ಲಘಟ್ಟದಿಂದ):
ಶಿವರಾತ್ರಿ ಮುಗೀತು, ಚಳಿನೂ ಹೋಯಿತು. ಮನೆ ಹಿಂದೆ ಹದಿನೈದು ಅಡಿಗೆ ಹತ್ತು ಅಡಿ ಜಾಗ ಖಾಲಿ ಇದೆ. ಕೆಂಪು ಮಣ್ಣು, ಬೋರ್ ನೀರು, ಮಧ್ಯಾಹ್ನ ಮೂರರವರೆಗೂ ಬಿಸಿಲು. ದ್ರಾಕ್ಷಿ ಚಪ್ಪರ ಹಾಕಿ ಪಕ್ಕದಲ್ಲಿ ಸ್ಟ್ರಾಬೆರಿ, ಬ್ಲೂಬೆರಿ ನೆಡಬೇಕು ಅಂತ ಮಗಳ ಆಸೆ. ವಿಡಿಯೋಗಳಲ್ಲೆಲ್ಲ ವಸಂತದ ಶುರುವಿನಲ್ಲೇ ನೆಡಿ ಅಂತಾರೆ. ಈಗಲೇ ನೆಡಬಹುದಾ? ಯಾವ ತಳಿ ತರಲಿ?

ಉತ್ತರ 1 (ಚಿಕ್ಕಬಳ್ಳಾಪುರ, ದ್ರಾಕ್ಷಿ ಬೆಳೆಗಾರ):
ಆ ವಿಡಿಯೋಗಳು ಹಿಮ ಬೀಳುವ ದೇಶದವು. ಅಲ್ಲಿ ಬಳ್ಳಿ ಚಳಿಗೆ ಎಲೆ ಉದುರಿಸಿ ಮಲಗಿರುತ್ತದೆ. ಮೊಗ್ಗು ಒಡೆಯೋ ಮುಂಚೆ ನೆಟ್ಟರೆ ಬೇರು ಹಿಡಿಯಲು ತಂಪು ದಿನ ಸಿಗುತ್ತವೆ. ನಮ್ಮಲ್ಲಿ ಶಿವರಾತ್ರಿ ಆದಮೇಲೆ ಬರೋದು ಉರಿ ಬಿಸಿಲು, ಅಲ್ವಾ? ಹಾಗಾಗಿ ಬರೀ ಕಡ್ಡಿ ಈಗ ಊರಬೇಡಿ. ಒಳ್ಳೆ ಕಡ್ಡಿ ಸಿಗೋದು ಅಕ್ಟೋಬರ್‌ನಲ್ಲಿ ಬಳ್ಳಿ ಕಟಿಂಗ್ ಮಾಡೋ (ಸವರೋ) ಹೊತ್ತಿಗೆ. ಈಗಲೇ ಬೇಕು ಅಂದ್ರೆ ಕವರ್‌ನಲ್ಲಿ ಬೇರು ಬಿಟ್ಟ ಗಿಡ ತನ್ನಿ.

ತಳಿ ಕೇಳಿದಿರಿ. ಕಣ್ಣು ಮುಚ್ಚಿ ಬೆಂಗಳೂರು ಬ್ಲೂ ಹಾಕಿ. ಜಿಐ ಟ್ಯಾಗ್ (ಇಂಥ ಊರಿನದೇ ಬೆಳೆ ಅನ್ನೋ ಸರ್ಕಾರಿ ಗುರುತು) ಇರೋ ನಮ್ಮ ಭಾಗದ ಹಣ್ಣು. ಸಿಪ್ಪೆ ದಪ್ಪ, ಬೀಜ ಇದೆ, ಹುಳಿ ಸ್ವಲ್ಪ ಜಾಸ್ತಿ. ಆದರೆ ಹಿಚುಕಿದರೆ ತಿರುಳು ಇಡಿಯಾಗಿ ಬಾಯಿಗೆ ಜಾರುತ್ತದೆ, ಆ ಘಮ ಬೇರೆ ಯಾವ ದ್ರಾಕ್ಷಿಗೂ ಇಲ್ಲ. ಎಲೆ, ಚಿಗುರಿಗೆ ಕಪ್ಪು ಚುಕ್ಕೆ ಬೀಳಿಸೋ ಆಂಥ್ರಾಕ್ನೋಸ್ ರೋಗ ತಡೆಯೋ ಶಕ್ತಿ ಚೆನ್ನಾಗಿದೆ; ಬೂಜು ರೋಗ ಮಾತ್ರ ಇದಕ್ಕೂ ಬರುತ್ತದೆ. ದಿಲ್‌ಖುಷ್ ತಿನ್ನಲು ಸೊಗಸು, ಆದರೆ ಮೋಡ ಕವಿದರೆ ಸಾಕು, ಬೂಜು ರೋಗಕ್ಕೆ ಔಷಧಿ ಹಿಡಿದು ಓಡಾಡಬೇಕು.

ಎರಡಡಿ ಆಳ, ಎರಡಡಿ ಅಗಲದ ಗುಂಡಿ. ಮೇಲ್ಮಣ್ಣಿಗೆ ಕೊಳೆತ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಬೆರೆಸಿ ತುಂಬಿ. ಸಂಜೆ ಹೊತ್ತು ನೆಡಿ. ಮೇಲೆ ಹಸಿರು ಬಲೆ, ಬುಡಕ್ಕೆ ಒಣ ಹುಲ್ಲು. ಚಿಗುರುಗಳಲ್ಲಿ ಗಟ್ಟಿಯಾದ ಒಂದನ್ನು ಮಾತ್ರ ಬಿಟ್ಟು ಕೋಲಿಗೆ ಕಟ್ಟಿ ನೇರ ಮೇಲೆ ಹತ್ತಿಸಿ. ಚಪ್ಪರ ಮುಟ್ಟಿದ ಮೇಲೆ ತುದಿ ಚಿವುಟಿ, ಆಗ ಪಕ್ಕದ ಕವಲು ಒಡೆಯುತ್ತವೆ. ಮೊದಲ ವರ್ಷ ಹಣ್ಣಿನ ಆಸೆ ಬೇಡ.

ಉತ್ತರ 2 (ಕೋಲಾರ):
ಬ್ಲೂಬೆರಿಗೆ ದುಡ್ಡು ಹಾಕಬೇಡಿ. ಅದಕ್ಕೆ ಹುಳಿ ಮಣ್ಣು ಬೇಕು, ಪಿಎಚ್ 4.5ರಿಂದ 5.5. ನೀವು ಬೋರ್ ನೀರು ಕಾಯಿಸೋ ಪಾತ್ರೆಯ ತಳ ನೋಡಿ. ಬಿಳಿ ಪದರ ಕಟ್ಟಿದ್ದರೆ ಅದು ಸುಣ್ಣದಂಶ. ಅದೇ ನೀರು ಹಾಕುತ್ತಾ ಹೋದರೆ ಕುಂಡದ ಮಣ್ಣಿನ ಹುಳಿ ಉಳಿಯಲ್ಲ, ಎಲೆ ಹಳದಿಯಾಗುತ್ತದೆ. ಸ್ಟ್ರಾಬೆರಿ ಆಗುತ್ತದೆ, ಆದರೆ ಈಗಲ್ಲ. ದಸರಾ ಕಳೆದ ಮೇಲೆ ನೆಡಿ, ಚಳಿಯಲ್ಲಿ ಹಣ್ಣು ಬಿಡಲಿ.

ಮಗಳಿಗೆ ಬೆರಿ ಬೇಕು ಅಂದ್ರೆ ಹಿಪ್ಪುನೇರಳೆ ಇದೆಯಲ್ಲ! ನಿಮ್ಮೂರಲ್ಲಿ ಎಲ್ಲಿ ನೋಡಿದರೂ ಅದೇ. ಹಣ್ಣು ಬಿಟ್ಟಿದ್ದನ್ನು ಕಣ್ಣಾರೆ ಕಂಡ ಗಿಡದಿಂದಲೇ ಪೆನ್ಸಿಲ್ ದಪ್ಪದ ಕಡ್ಡಿ ತನ್ನಿ. ಅದರಲ್ಲಿ ಗಂಡು ಗಿಡವೂ ಇರುತ್ತದೆ, ಅದಕ್ಕೆ ಹಣ್ಣಿಲ್ಲ.

ಉತ್ತರ 3 (ಶಿಡ್ಲಘಟ್ಟ, ರೇಷ್ಮೆ ಸಾಕುವವರು):
ದಯವಿಟ್ಟು ಒಂದು ಮಾತು. ದ್ರಾಕ್ಷಿಗೆ ಅಂತ ಕೀಟನಾಶಕ ಹೊಡೆಯುವ ಮುಂಚೆ ಅಕ್ಕಪಕ್ಕ ಹಿಪ್ಪುನೇರಳೆ ತೋಟ ಇದೆಯಾ ನೋಡಿ. ಗಾಳಿಗೆ ತೇಲಿ ಸೊಪ್ಪಿನ ಮೇಲೆ ಕೂತರೆ, ಆ ಸೊಪ್ಪು ತಿಂದ ರೇಷ್ಮೆ ಹುಳ ಸಾಯುತ್ತದೆ. ಗೂಡು ಕಟ್ಟೋ ಹೊತ್ತಿಗೆ ಹಾಗಾದರೆ ಇಡೀ ಬೆಳೆ ಹೋದಂತೆ. ದ್ರಾಕ್ಷಿಗೆ ಹಿಟ್ಟು ತಿಗಣೆ (ಬಿಳಿ ಹಿಟ್ಟು ಮೆತ್ತಿದಂತೆ ಕಾಣೋ ಕೀಟ) ಬಂದರೆ ಮೊದಲು ನೀರು ಜೋರಾಗಿ ಬಿಟ್ಟು ತೊಳೆಯಿರಿ, ಹೆಚ್ಚು ಮುತ್ತಿದ ಚಿಗುರು ಕತ್ತರಿಸಿ ಹಾಕಿ.

ಪ್ರಶ್ನೆ ಕೇಳಿದವರು:
ಪಕ್ಕದ ಗೋಡೆ ಆಚೆಗೇ ಸೊಪ್ಪಿನ ತೋಟ ಇದೆ. ಹಾಗಾದರೆ ಬೆಂಗಳೂರು ಬ್ಲೂ ಒಂದೇ ಗಿಡ, ಜೊತೆಗೆ ಹಿಪ್ಪುನೇರಳೆ. ಕಡ್ಡಿಯನ್ನು ಆ ತೋಟದವರನ್ನೇ ಕೇಳುತ್ತೇನೆ.