ಲೇಬಲ್ ಮೇಲೆ 'ಬೂರ್ಬನ್' ಅಂತ ಹಾಕಬೇಕಾದ್ರೆ ಕಾನೂನು ಏನು ಕೇಳುತ್ತೆ?

ತುಂಗಾತೀರ: ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಮಾಡಿದ ವಿಸ್ಕಿ ಮಾತ್ರ ಬೂರ್ಬನ್ ಅಂತ ಒಬ್ಬರು ಹೇಳ್ತಾರೆ, ನಾಲ್ಕು ವರ್ಷ ಪೀಪಾಯಿಯಲ್ಲಿ ಇಟ್ಟಿರಲೇಬೇಕು ಅಂತ ಇನ್ನೊಬ್ಬರು. ಅಮೆರಿಕದ ನಿಯಮದಲ್ಲಿ ನಿಜಕ್ಕೂ ಏನಿದೆ? ಜ್ಯಾಕ್ ಡೇನಿಯಲ್ಸ್ ವಿಸ್ಕಿ ಯಾವ ಲೆಕ್ಕಕ್ಕೆ ಬರುತ್ತೆ?

ಓಕ್_ಪೀಪಾಯಿ: ಎರಡೂ ತಪ್ಪು ಸರ್. ಅಮೆರಿಕದ ಯಾವ ರಾಜ್ಯದಲ್ಲಿ ಮಾಡಿದರೂ ಆಯ್ತು. ಧಾನ್ಯದಲ್ಲಿ ಕನಿಷ್ಠ 51% ಮೆಕ್ಕೆಜೋಳ ಇರಬೇಕು. ಉಳಿದದ್ದು ಸಾಮಾನ್ಯವಾಗಿ ರೈ (ಗೋಧಿಯಂಥ ಒಂದು ಧಾನ್ಯ) ಅಥವಾ ಗೋಧಿ, ಜೊತೆಗೆ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ). ಬಟ್ಟಿ ಇಳಿಸುವಾಗ 160 ಪ್ರೂಫ್ ದಾಟಬಾರದು, ಅಂದರೆ 80% ಆಲ್ಕೋಹಾಲ್. ಅದಕ್ಕಿಂತ ಮೇಲೆ ಹೋದಷ್ಟೂ ಧಾನ್ಯದ ರುಚಿ ಸೋರಿಹೋಗಿ ಬರೀ ಸ್ಪಿರಿಟ್ ಉಳಿಯುತ್ತೆ. ಪೀಪಾಯಿಗೆ ತುಂಬುವಾಗ 125 ಪ್ರೂಫ್ ಮೀರಬಾರದು, ಬಾಟಲಿಯಲ್ಲಿ 80ಕ್ಕಿಂತ ಕಡಿಮೆ ಇರಬಾರದು. ನೀರು ಬಿಟ್ಟು ಬಣ್ಣ, ರುಚಿ ಏನೂ ಸೇರಿಸುವ ಹಾಗಿಲ್ಲ.

ಮುಖ್ಯವಾದದ್ದು ಮರ. ಓಕ್ ಹೊಸದಾಗಿರಬೇಕು, ಒಳಮೈ ಸುಟ್ಟಿರಬೇಕು. ಎಷ್ಟು ಸುಡಬೇಕು ಅಂತ ಕಾನೂನು ಹೇಳಲ್ಲ. 4ನೇ ಮಟ್ಟದ ಸುಡುವಿಕೆಗೆ ಸುಮಾರು 55 ಸೆಕೆಂಡ್ ಬೆಂಕಿ ಕೊಡ್ತಾರೆ, ಆಗ ಒಳಮೈ ಮೊಸಳೆ ಚರ್ಮದ ಹಾಗೆ ಬಿರಿಯುತ್ತೆ. ಆ ಇದ್ದಿಲಿನ ಹಿಂದೆ ಮರದ ಸಕ್ಕರೆ ಕಂದಿ ಕೆಂಪು ಪದರ ಕಟ್ಟುತ್ತೆ. ಬೂರ್ಬನ್ನಿನ ಬಣ್ಣ, ಕ್ಯಾರಮೆಲ್ ವಾಸನೆ ಬರೋದು ಅಲ್ಲಿಂದ. ಒಮ್ಮೆ ಬಳಸಿದ ಪೀಪಾಯಿ ಮತ್ತೆ ಬೂರ್ಬನ್‌ಗೆ ಆಗಲ್ಲ. ಅದಕ್ಕೇ ಅವು ಸ್ಕಾಟ್ಲೆಂಡ್‌ಗೆ ಹೋಗ್ತವೆ, ನಮ್ಮ ಬೆಂಗಳೂರಿನ ಅಮೃತ್ ವಿಸ್ಕಿ ಕಂಪನಿಗೂ ಬರ್ತವೆ.

ಲೇಬಲ್_ಓದುಗ: ವಯಸ್ಸಿನ ವಿಷಯ ಸೇರಿಸ್ತೀನಿ. ಬರೀ 'ಬೂರ್ಬನ್' ಅನ್ನೋಕೆ ಕನಿಷ್ಠ ಅವಧಿ ಇಲ್ಲ. 'ಸ್ಟ್ರೇಟ್' ಅಂತ ಹಾಕಿದರೆ 2 ವರ್ಷ. 4 ವರ್ಷಕ್ಕಿಂತ ಎಳೆಯದಾದರೆ ಲೇಬಲ್ ಮೇಲೆ ವಯಸ್ಸು ಹಾಕಲೇಬೇಕು, ಮಿಶ್ರಣವಾದರೆ ಅದರಲ್ಲಿ ಅತಿ ಎಳೆಯದರ ವಯಸ್ಸು. ನಾಲ್ಕು ವರ್ಷದ ಕಥೆ ಹುಟ್ಟಿದ್ದು 1897ರ 'ಬಾಟಲ್ಡ್ ಇನ್ ಬಾಂಡ್' ಕಾಯಿದೆಯಿಂದ ಇರಬೇಕು: ಒಂದೇ ಡಿಸ್ಟಿಲರಿ, ಒಂದೇ ಋತು (ಜನವರಿ–ಜೂನ್ ಅಥವಾ ಜುಲೈ–ಡಿಸೆಂಬರ್), ಬಾಂಡೆಡ್ (ಸರ್ಕಾರದ ನಿಗಾದ) ಗೋದಾಮಿನಲ್ಲಿ 4 ವರ್ಷ, ಸರಿಯಾಗಿ 100 ಪ್ರೂಫ್.

ಜ್ಯಾಕ್ ಡೇನಿಯಲ್ಸ್‌ನಲ್ಲಿ 80% ಮೆಕ್ಕೆಜೋಳ. ಪೀಪಾಯಿಗೆ ಹೋಗುವ ಮುಂಚೆ ಸಕ್ಕರೆ ಮೇಪಲ್ ಇದ್ದಿಲಿನಲ್ಲಿ ಸೋಸ್ತಾರೆ. ಕಂಪನಿ ಅದನ್ನ ಟೆನೆಸೀ ವಿಸ್ಕಿ ಅಂತಲೇ ಮಾರುತ್ತೆ.

ತುಂಗಾತೀರ: 80 ಪ್ರೂಫ್ ಅಂದರೆ 40% ತಾನೇ? ಇಲ್ಲಿನ ಬಾಟಲಿಯಲ್ಲಿ 75 ಡಿಗ್ರಿ ಪ್ರೂಫ್, 42.8% ಅಂತ ಇರುತ್ತಲ್ಲ?

ಓಕ್_ಪೀಪಾಯಿ: ಅಳತೆ ಬೇರೆ. ಅಮೆರಿಕದ ಪ್ರೂಫ್ ಅಂದ್ರೆ ಶೇಕಡಾವಾರಿನ ಎರಡರಷ್ಟು. ನಮ್ಮದು ಹಳೇ ಬ್ರಿಟಿಷ್ ಲೆಕ್ಕ, ಅಲ್ಲಿ 100 ಡಿಗ್ರಿ ಅಂದರೆ ಸುಮಾರು 57.1%. ಗೊಂದಲ ಬೇಡ ಅಂದ್ರೆ ಶೇಕಡಾ ಅಂಕಿ ಮಾತ್ರ ನೋಡಿ. ಇನ್ನೊಂದು: ಲೇಬಲ್ ಮೇಲೆ ಬೂರ್ಬನ್ ಅನ್ನೋ ಪದದ ಪಕ್ಕ ಜೇನು, ಚೆರ್ರಿ ಅಂತ ಕಂಡರೆ ಅದು ರುಚಿ ಸೇರಿಸಿದ್ದು, ಮೇಲೆ ಹೇಳಿದ ನಿಯಮದ ಬೂರ್ಬನ್ ಅಲ್ಲ.